ಮಾವನ ಮೆಣಸಿನಕಾಯಿ ಚೀಲ, ನನ್ನ ಎಸ್‌ಟಿಎಂ ಚಟ

ಬ್ಯಾಡಗಿಯೊಳಗ ನಮ್ಮ ಮಾವಂದು ಮೆಣಸಿನಕಾಯಿ ದಲಾಲಿ ಅಂಗಡಿ ಐತಿ. ಹ್ವಾದ ವರ್ಷ ಅವರ ಚೀಲದ ಲೆಕ್ಕಕ್ಕ ಕ್ಲೋಜರ್ ಅನ್ನೂ ಪ್ರೋಗ್ರಾಮಿಂಗ್ ಭಾಷಾದಾಗ ಒಂದು ಸಣ್ಣ ಪ್ರೋಗ್ರಾಂ ಬರದು ಕೊಟ್ಟೆ. ಎಕ್ಸೆಲ್ ಶೀಟ್ ಸಾಕಾಗ್ತಿತ್ತು ಖರೇ, ಆದ್ರ ನನಗ ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮರಿ, ಅಂದ್ರ ಎಸ್‌ಟಿಎಂ, ಬಳಸಿ ನೋಡೂ ಚಟ. ಹೆಸರು ದೊಡ್ಡದು, ವಿಷಯ ಇಷ್ಟ: ಮೆಮರಿಯಾಗ ನಾಕು ಕಡೆ ತಿದ್ದೂದಿದ್ರ ನಾಕೂ ಆಗಬೇಕು, ಇಲ್ಲಾ ಒಂದೂ ಆಗಬಾರದು. ಇಂಥಾ ಒಂದು ಗಂಟಿಗೆ ಟ್ರಾನ್ಸಾಕ್ಷನ್ ಅಂತಾರ. 1995ರಾಗ ಶಾವಿಟ್ ಮತ್ತ ಟೂಯಿಟು ಅನ್ನೂ ಇಬ್ರು ಇದ ಹೆಸರಿನ ಪೇಪರ್ ಬರದಿದ್ರು.

ಒಂದ ಲೆಕ್ಕಕ್ಕ ಇಬ್ರು ಕೈ ಹಾಕಿದ್ರ ಏನ್ ಮಾಡೂದು? ಎರಡು ದಾರಿ ಅದಾವು. ಪೆಸಿಮಿಸ್ಟಿಕ್ ಅಂದ್ರ ಹಾವೇರಿ ಬಸ್ ಬಂದ ಕೂಡಲೆ ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡದಂಗ, ಮದಲ ಲಾಕ್ ಆಮ್ಯಾಲ ಕೆಲಸ, ಉಳದವ್ರು ನಿಂತಿರಬೇಕು. ಆಪ್ಟಿಮಿಸ್ಟಿಕ್‌ನಾವ ಯಾರನ್ನೂ ತಡಿಯಂಗಿಲ್ಲ, ತನ್ನ ಕಾಪಿ ಮ್ಯಾಲ ಬರಕೊಂತ ಹೊಕ್ಕಾನ, ಕಮಿಟ್ ಮಾಡೂಮುಂದ, ಅಂದ್ರ ತಿದ್ದಿದ್ದನ್ನ ಪಕ್ಕಾ ಮಾಡೂಮುಂದ, ತಾ ಓದಿದ್ದು ಇನ್ನೂ ಹಂಗ ಐತೇನು ನೋಡ್ತಾನ, ಬದಲಾಗಿದ್ರ ಎಲ್ಲಾ ಒಗದು ಮತ್ತ ಶುರುವಿನಿಂದ.

ಈ ‘ಶುರುವಿನಿಂದ’ ಅನ್ನೂದು ನನಗ ಬರೋಬ್ಬರಿ ತಿಳದಿದ್ದು ಪ್ರಿಂಟರ್ ಮುಂದ. ಟ್ರಾನ್ಸಾಕ್ಷನ್ ಒಳಗ, ಲೆಕ್ಕ ತಿದ್ದೂಕಿಂತ ಮದಲ ಚೀಟಿ ಪ್ರಿಂಟ್ ಮಾಡೂ ಲೈನ್ ಇಟ್ಟಿದ್ದೆ, ಪ್ರಿಂಟರ್ ನಿಧಾನ, ಅಷ್ಟರಾಗ ಇನ್ನೊಬ್ರು ಅದ ಲೆಕ್ಕ ತಿದ್ದಿರ್ತಿದ್ರು, ಒಂದ ಲಾಟಿಗೆ ಮೂರು ಚೀಟಿ ಬಂದ್ವು. “ಏನಪಾ ಅಳಿಯಾ, ಒಂದ ಮಾಲು ಮೂರ್ ಸಲ ತೂಗತೈತೇನು ನಿನ್ನ ಕಂಪ್ಯೂಟರು?” ಅಂದ್ರು ಮಾವ. ಮೆಮರಿ ಹಿಂದಕ್ಕ ಹೊಕ್ಕೈತಿ, ಪೇಪರ್ ಹೊಕ್ಕೈತೇನ್ರಿ! ಆಮ್ಯಾಲ ಆ ಪ್ರಿಂಟ್ ಕೆಲಸ ಕ್ಲೋಜರ್‌ದಾಗಿನ ಏಜೆಂಟ್ ಅನ್ನೂ ಸೌಲಭ್ಯಕ್ಕ ಕಳಿಸಿದೆ, ಕಮಿಟ್ ಆಗೂತನಕ ಅದು ತಡದು ನಿಂದ್ರತೈತಿ. ಹ್ಯಾಸ್ಕೆಲ್ ಅನ್ನೂ ಇನ್ನೊಂದು ಭಾಷಾದಾಗ ಟ್ರಾನ್ಸಾಕ್ಷನ್ ಒಳಗ ಇಂಥಾ ಪ್ರಿಂಟ್ ಲೈನ್ ಕಂಪೈಲ್ ಆಗಂಗಿಲ್ಲ.

ಇನ್ನೊಂದು ತಪ್ಪು ಸಪ್ಪಳಿಲ್ಲದ್ದು, ಥ್ರೆಡ್, ಅಂದ್ರ ಒಮ್ಮೆಗೆ ಓಡೂ ಪ್ರೋಗ್ರಾಂ ಎಳಿ, ಬಿಟ್ಟು ಟೆಸ್ಟ್ ಮಾಡೂಮುಂದ ಸಿಕ್ತು. ಎರಡು ಕೋಲ್ಡ್ ಸ್ಟೋರೇಜ್ ಕೂಡಿ ಡಬ್ಬಿ ಜಾತಿ ಕಾಯಿ 100 ಚೀಲಕ್ಕಿಂತ ಕಡಿಮಿ ಆಗಬಾರದು ಅಂತ ಮಾವನ ರೂಲ್. ಇಲ್ಲಿ 60, ಅಲ್ಲಿ 60 ಅದಾವು. ಒಂದು ಥ್ರೆಡ್ ಒಟ್ಟು 120 ನೋಡಿ ಇಲ್ಲಿಂದ 20 ತಗೀತು, ಅದ ಹೊತ್ತಿಗೆ ಇನ್ನೊಂದೂ ಅದ 120 ನೋಡಿ ಅಲ್ಲಿಂದ 20 ತಗೀತು. ಬರದಿದ್ದು ಬ್ಯಾರೆ ಬ್ಯಾರೆ ರೆಫ್ (ಎಸ್‌ಟಿಎಂ ಕಾಯೂ ಮೆಮರಿ ಜಾಗ), ಡಿಕ್ಕಿನ ಇಲ್ಲ, ಎರಡೂ ಕಮಿಟ್, ಉಳದಿದ್ದು 80. ಇದಕ್ಕ ರೈಟ್ ಸ್ಕ್ಯೂ ಅಂತಾರ.

ಸಿಟ್ಟು ಬಂದು ಕ್ಲೋಜರ್ ಸೋರ್ಸ್ ತಗದು ಕುಂತೆ. ಎಲ್ಲಾರೂ ಆಪ್ಟಿಮಿಸ್ಟಿಕ್ ಅಂತ ಕರಿಯೂ ಈ ಎಸ್‌ಟಿಎಂ, ರೆಫ್‌ಗೆ ಬರಿಯೂ ಹೊತ್ತಿಗೆನ ಅದರ ಮ್ಯಾಲ ತನ್ನ ಗುರ್ತು ಹಾಕಿಬಿಡತೈತಿ! ಇನ್ನೊಬ್ಬಾವ ಬಂದ್ರ ಕಾದು ಮತ್ತ ಟ್ರೈ ಮಾಡಬೇಕು, ಬಂದಾವ ಹಳಬ ಇದ್ದು 10 ಮಿಲಿಸೆಕೆಂಡ್ ಮ್ಯಾಲ ಓಡಿದ್ರ ಹೊಸಬನ್ನ ಎಬ್ಬಿಸಿ ತಾ ಕುಂದ್ರತಾನ, ಹಿಂಗ 10,000 ಸಲ ಸೋತ್ರ ಎಕ್ಸೆಪ್ಷನ್, ಅಂದ್ರ ತಪ್ಪಾತು ಅಂತ ಹೇಳಿ ಕೈ ಬಿಡತೈತಿ. ಓದಿದ್ದನ್ನ ಮಾತ್ರ ಸ್ನ್ಯಾಪ್‌ಶಾಟ್‌ದಾಗಿಂದ, ಅಂದ್ರ ಶುರುವಿನ್ಯಾಗ ಇದ್ದ ಚಿತ್ರದಾಗಿಂದ, ಕೊಟ್ಟು ಕೈ ತೊಳಕೊಂತೈತಿ, ಕಮಿಟ್ ಮುಂದ ತಿರುಗಿ ನೋಡಂಗಿಲ್ಲ. ಹ್ಯಾಸ್ಕೆಲ್ ಓದಿದ್ದೆಲ್ಲಾ ಕಡೀಕ ಚೆಕ್ ಮಾಡತೈತಿ, ಅಲ್ಲಿ ನನ್ನ 80 ಆಗ್ತಿರಲಿಲ್ಲ, ಆದ್ರ ಎಲ್ಲಾ ಚೀಲ ಎಣಸೂ ಉದ್ದನ ರಿಪೋರ್ಟ್ ಇದ್ರ ಅದು ಸಣ್ಣ ಸಣ್ಣ ಕಮಿಟ್‌ಗಳ ಕಾಟಕ್ಕ ಮುಗಿಯೂದ ಕಷ್ಟ. ಹಿಂಗಾಗಿ ಈಗ ನಾ ಯಾವ್ದರ ಎಸ್‌ಟಿಎಂ ಆಪ್ಟಿಮಿಸ್ಟಿಕ್ ಅಂದ್ರ, ಓದೂಮುಂದೋ ಬರಿಯೂಮುಂದೋ ಅಂತ ಕೇಳ್ತೀನಿ.

ಕಡೀಕ, ಬರಿಯಂಗಿಲ್ಲದ ಬರೇ ಓದೂ ರೆಫ್‌ಗೆ ಎನ್‌ಶೂರ್ ಅನ್ನೂ ಕ್ಲೋಜರ್ ಕಮಾಂಡ್ ಹಾಕಿದೆ. ಅದು ಬ್ಯಾರೆದವ್ರು ತಿದ್ದದಂಗ ರೀಡ್ ಲಾಕ್ ಹಿಡೀತೈತಿ, ಅಂದ್ರ ಮತ್ತ ಅದ ಟವೆಲ್. ಅಂಗಡ್ಯಾಗ ಬಳಸೂದು ಎರಡು ಮೊಬೈಲ್ ಒಂದು ಲ್ಯಾಪ್‌ಟಾಪ್, ನಿಧಾನ ಆಗಿದ್ದು ಮಾವಗ ಇನ್ನೂ ಗೊತ್ತಾಗಿಲ್ಲ.