64ನೇ ನಂಬರಿನ ಸೀಸನ್

ನನ್ನ ಅಕ್ಕನ ಮಗ ಅಮೆರಿಕದ ಓಹಾಯೋದಲ್ಲಿ ಒಂದು ಸಣ್ಣ ಕಾಲೇಜಿಗೆ ಫುಟ್ಬಾಲ್ ಆಡುತ್ತಾನೆ. ಅಲ್ಲಿನ ಫುಟ್ಬಾಲ್ ಅಂದ್ರೆ ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಬಾಲನ್ನು ಕೈಯಲ್ಲಿ ಹಿಡಿದು ಓಡುವ ಆಟ. ಈ ವರ್ಷದ ಸೀಸನ್ ಮುಗಿಯಿತು. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೂ ಇಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ಟೀಮನ್ನೂ ನೋಡಿಲ್ಲ.

ಅಲ್ಲಿ ಕಾಲೇಜು ಆಟಕ್ಕೆ ಮೂರು ಡಿವಿಷನ್. ಟಿವಿಯಲ್ಲಿ ಬರುವ, ಸ್ಟೇಡಿಯಂಗೆ ಲಕ್ಷ ಜನ ಸೇರುವ ದೊಡ್ಡ ಯೂನಿವರ್ಸಿಟಿಗಳದ್ದು ಮೊದಲನೆಯದು. ಇವನದು ಮೂರನೆಯದು, ಅದರಲ್ಲಿ ಸುಮಾರು 240 ಕಾಲೇಜುಗಳು ಫುಟ್ಬಾಲ್ ಆಡುತ್ತವೆ. ಆಟ ಚೆನ್ನಾಗಿ ಆಡುತ್ತಾನೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ, ನಿಯಮವೇ ಹಾಗಿದೆ. ಎಲ್ಲರ ಹಾಗೆ ಓದಬೇಕು, ಲ್ಯಾಬ್ ಮುಗಿಸಿ ಪ್ರಾಕ್ಟೀಸ್‌ಗೆ ಓಡಬೇಕು. ಇಲ್ಲಿಂದ ದುಡ್ಡಿನ ಲೀಗಿಗೆ ಹೋಗುವವರು ಬೆರಳೆಣಿಕೆಯಷ್ಟು. ಅದೇ ರಾಜ್ಯದ ಮೌಂಟ್ ಯೂನಿಯನ್ ಅನ್ನುವ ಕಾಲೇಜು ಈ ಡಿವಿಷನ್‌ನಲ್ಲಿ 13 ಸಲ ಚಾಂಪಿಯನ್ ಆಗಿದೆ. ನಮ್ಮ ಹುಡುಗನ ಟೀಮ್ ಆ ಸಾಲಿನದ್ದಲ್ಲ.

ಒಟ್ಟು 10 ಪಂದ್ಯ, ಹೆಚ್ಚಿನವು ಶನಿವಾರ. ನಮ್ಮ ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಪೋಳ್ದ್ ಹಬ್ಬ ಮುಗಿಯುವ ಹೊತ್ತಿಗೆ ಶುರು, ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಮುಗಿದೇ ಹೋಗುತ್ತದೆ. ಅಲ್ಲಿ ಮಧ್ಯಾಹ್ನ 1 ಗಂಟೆ ಅಂದ್ರೆ ಇಲ್ಲಿ ರಾತ್ರಿ 10.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ 11.30. ಗೋಣಿಕೊಪ್ಪದಿಂದ ಒಳಗಿರುವ ನಮ್ಮ ಮನೆಯಲ್ಲಿ ಸೆಪ್ಟೆಂಬರ್ ಮಳೆಗೆ ಕರೆಂಟ್ ಇದ್ದರೆ ನೆಟ್ ಇರುವುದಿಲ್ಲ, ನೆಟ್ ಇದ್ದರೆ ಕರೆಂಟ್ ಇರುವುದಿಲ್ಲ. ಆದರೂ ಅಮ್ಮ ಶಾಲು ಹೊದ್ದುಕೊಂಡು ಎದ್ದೇ ಕೂತಿರುತ್ತಿದ್ದರು.

ಮೊದಮೊದಲು ಅಮ್ಮನಿಗೆ ಬೇಜಾರು. "ಅವನಿಗೆ ಯಾರೂ ಬಾಲೇ ಕೊಡಲ್ವಲ್ಲೋ?"

ಕೊಡುವ ಹಾಗೇ ಇಲ್ಲ. ಅವನು ಲೆಫ್ಟ್ ಗಾರ್ಡ್. ಬಾಲ್ ಇರುವ ಟೀಮಿನ ಮುಂದಿನ ಸಾಲಲ್ಲಿ ಐದು ಜನ ದಾಂಡಿಗರು ಬಗ್ಗಿ ನಿಲ್ಲುತ್ತಾರೆ: ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಅವರಾಚೆ ಇಬ್ಬರು ಟ್ಯಾಕಲ್. ನಂಬರ್ 50ರಿಂದ 79ರೊಳಗೆ, ಇವನದು 64. ಮುಂದಕ್ಕೆ ಎಸೆದ ಬಾಲನ್ನು ಇವರು ಹಿಡಿಯುವಂತಿಲ್ಲ. ಎದುರಿನವರನ್ನು ತಡೆದು, ಹಿಂದೆ ಇರುವವನಿಗೆ ದಾರಿಯೋ ಸಮಯವೋ ಮಾಡಿಕೊಡುವುದೇ ಕೆಲಸ. ನಾನು ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಅಮ್ಮ, "ಓ, ಹಾಕಿಯ ಪೆನಾಲ್ಟಿ ಕಾರ್ನರ್‌ನಲ್ಲಿ ಎದುರಾಳಿಯ ಹೊಡೆತಕ್ಕೆ ಮೊದಲು ಓಡಿ ಮೈ ಕೊಡುವವನ ಹಾಗೆ" ಅಂದರು. 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಕುಟುಂಬ ಹಾಕಿ, ಅಂದ್ರೆ ಕೊಡವ ಮನೆತನಗಳ ನಡುವಿನ ಟೂರ್ನಿ, ನಡೆದಾಗಿನಿಂದ ಗ್ಯಾಲರಿಯಲ್ಲಿ ಕೂತು ನೋಡಿದವರು, ಅವರಿಗೆ ಇನ್ನೇನು ಬಿಡಿಸಿ ಹೇಳಬೇಕು?

ಅವತ್ತಿಂದ ನಾವಿಬ್ಬರೂ ಬಾಲ್ ನೋಡುವುದನ್ನೇ ಬಿಟ್ಟೆವು.

ಅಕ್ಟೋಬರ್‌ನ ಒಂದು ಪಂದ್ಯ ಹೇಳಲೇಬೇಕು. ಅಲ್ಲೂ ಮಳೆ, ಇಲ್ಲೂ ಮಳೆ. ನಾವು ಮೂರೇ ಪಾಯಿಂಟ್ ಮುಂದೆ, ಕೊನೆಯ ಎರಡು ನಿಮಿಷ. ನಾಲ್ಕು ಸಲದಲ್ಲಿ 10 ಗಜ ಮುಂದೆ ಹೋದರೆ ಬಾಲ್ ನಮ್ಮ ಹತ್ತಿರವೇ ಉಳಿಯುತ್ತದೆ. ಮೂರು ಸಲ ಆಯಿತು, ಇನ್ನೂ ಒಂದು ಗಜ ಬಾಕಿ. ಕೋಚ್ ಒದ್ದು ಕಳಿಸಲು ಹೇಳಲಿಲ್ಲ, ನುಗ್ಗಿ ಅಂದರು. 64 ಒಂದು ಕೈ ಕೆಸರಿಗೆ ಊರಿ ಕೂತ. ಬಾಲ್ ಹಿಂದಕ್ಕೆ ಬಂದದ್ದೇ ತಡ, ಎರಡು ಪುಟ್ಟ ಹೆಜ್ಜೆ, ಎರಡೂ ಅಂಗೈ ಎದುರಿನವನ ಎದೆಗೆ. ಮೊಣಕೈ ಒಳಗೇ ಇರಬೇಕು, ಹೊರಗಿಂದ ಜರ್ಸಿ ಹಿಡಿದೆಳೆದರೆ ಹೋಲ್ಡಿಂಗ್, 10 ಗಜ ದಂಡ. ಅವನು ಹಿಡಿಯಲಿಲ್ಲ, ತಳ್ಳಿದ. ಎದುರಿನವನು ಒಂದು ಹೆಜ್ಜೆ ಹಿಂದೆ ಸರಿದ, ಅಷ್ಟೇ ಸಂದಿ. ಓಡುವವನು ಅದರಲ್ಲಿ ತೂರಿ ಎರಡು ಗಜ ಆಚೆ ಬಿದ್ದ. ಕ್ಯಾಮೆರಾ ಅವನ ಹಿಂದೆ ಹೋಯಿತು. ನಮ್ಮವನು ಮೂರು ಜನರ ಅಡಿಯಲ್ಲಿ ಎಲ್ಲೋ ಇದ್ದ. ಪಂದ್ಯ ಗೆದ್ದೆವು. ಅಮ್ಮ ಚಪ್ಪಾಳೆ ತಟ್ಟಿದ ಸದ್ದಿಗೆ ನಾಯಿ ಬೊಗಳಿತು.

ಮರುದಿನ ಕಾಲೇಜಿನವರು ಹಾಕಿದ ಪಟ್ಟಿ ನೋಡಿದೆ. ಯಾರು ಎಷ್ಟು ಗಜ ಓಡಿದರು, ಎಸೆದರು, ಹಿಡಿದರು, ಎದುರಾಳಿಯನ್ನು ಯಾರು ಕೆಡವಿದರು, ಎಲ್ಲಾ ಇದೆ. ಆ ಐದು ಜನರ ಸಾಲಿಗೆ ಒಂದು ಅಂಕಿಯೂ ಇಲ್ಲ. ಕಾಮೆಂಟರಿಯಲ್ಲಿ ಅವನ ನಂಬರ್ ಕೇಳಿಸಿದ್ದೆಲ್ಲ ದಂಡ ಬಿದ್ದಾಗ ಮಾತ್ರ. ನನಗೆ ಇದು ಸರಿ ಅನ್ನಿಸುವುದಿಲ್ಲ. ಫೋನಿನಲ್ಲಿ ಕೇಳಿದರೆ ಅವನು, "ಮಾವ, ಸೋಮವಾರ ಕೋಚ್ ವಿಡಿಯೋ ಹಾಕ್ತಾರೆ, ನಮ್ಮ ಐದು ಜನರ ಮಾರ್ಕ್ಸ್ ಅಲ್ಲಿ ಸಿಗುತ್ತೆ, ಸಾಕು" ಅಂದ.

ನವೆಂಬರ್‌ನ ಕೊನೆಯ ಪಂದ್ಯ ಸೋತರು. ಅದಕ್ಕೆ ಮುಂಚೆ ಕೊನೆ ವರ್ಷದ ಹುಡುಗರನ್ನು ಅಪ್ಪ ಅಮ್ಮನ ಜೊತೆ ಮೈದಾನಕ್ಕೆ ಕರೆದರು. ಇವನ ಪಕ್ಕ ನಿಲ್ಲುವ ಲೆಫ್ಟ್ ಟ್ಯಾಕಲ್ ಕೂಡ ಅವರಲ್ಲಿ ಒಬ್ಬ. ನನಗೆ ಹೊಟ್ಟೆಯಲ್ಲಿ ಸಂಕಟವಾದದ್ದು ಅವಾಗಲೇ. ನಮ್ಮೂರಲ್ಲಿ ಐವತ್ತು ದಾಟಿದವರೂ ಏಪ್ರಿಲ್ ಬಂದರೆ ಸ್ಟಿಕ್ ಹಿಡಿದು ಮನೆತನದ ಟೀಮಿಗೆ ಇಳಿಯುತ್ತಾರೆ, ಮೊಮ್ಮಕ್ಕಳ ಜೊತೆ ಆಡುವವರೂ ಇದ್ದಾರೆ. ಆ ಆಟ ಹಾಗಲ್ಲ. ಇಪ್ಪತ್ತೆರಡಕ್ಕೆ ಹೆಲ್ಮೆಟ್ ತೆಗೆದಿಟ್ಟರೆ ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಪಂದ್ಯ ಮುಗಿದ ಮೇಲೆ ಆ ಟ್ಯಾಕಲ್ ಹುಡುಗ ತುಂಬಾ ಹೊತ್ತು ಪ್ಯಾಡ್ ಬಿಚ್ಚಲೇ ಇಲ್ಲವಂತೆ, ಐದೂ ಜನ ಲಾಕರ್ ರೂಮಿನಲ್ಲಿ ಹಾಗೇ ಕೂತಿದ್ದರಂತೆ.

ನಮ್ಮವನಿಗೆ ಇನ್ನೂ ಎರಡು ವರ್ಷ ಇದೆ. ಪಕ್ಕದ ಜಾಗಕ್ಕೆ ಯಾರು ಬರುತ್ತಾರೆ ಅಂತ ಆಗಸ್ಟ್ ಕ್ಯಾಂಪಿನಲ್ಲಿ ಗೊತ್ತಾಗುತ್ತದೆ. ಪಂದ್ಯಗಳನ್ನು ಕಾಲೇಜಿನವರೇ ನೆಟ್‌ನಲ್ಲಿ ತೋರಿಸುತ್ತಾರೆ, ದುಡ್ಡೇನೂ ಇಲ್ಲ. ನೋಡಬೇಕು ಅನ್ನಿಸಿದವರು ಹೇಳಿ, ಸೆಪ್ಟೆಂಬರ್‌ನಲ್ಲಿ ಲಿಂಕ್ ಕಳಿಸುತ್ತೇನೆ.