ಕ್ರಿಪ್ಟೊ ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಲದು

ಕಾರವಾರದಲ್ಲಿ ನಾನು ಕೆಲಸ ಮಾಡುವುದು ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ. ಕ್ರಿಪ್ಟೊ ಕಳಿಸುವುದು, ತರಿಸುವುದು ನಮ್ಮ ಕೆಲಸವೇ ಅಲ್ಲ. ಕ್ಲೈಂಟ್ ತಂದುಕೊಟ್ಟ ಸ್ಟೇಟ್‌ಮೆಂಟ್ ನೋಡಿ ರಿಟರ್ನಿನಲ್ಲಿ ವಿಡಿಎ (ಕ್ರಿಪ್ಟೊದಂಥ ಡಿಜಿಟಲ್ ಆಸ್ತಿ) ಶೆಡ್ಯೂಲ್ ತುಂಬಬೇಕು, ಟಿಡಿಎಸ್ ತಾಳೆ ನೋಡಬೇಕು, ಅಷ್ಟೇ. ಆದರೆ ನಮ್ಮ ಸಾಹೇಬರಿಗೆ ಹಳೆಯ ಕ್ಲೈಂಟುಗಳಿಗೆ ಇಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. 'ಇವರದ್ದೊಂದು ಟ್ರಾನ್ಸ್‌ಫರ್ ಮಾಡಿಕೊಟ್ಟುಬಿಡಿ, ಹತ್ತು ನಿಮಿಷದ ಕೆಲಸ' ಎಂದು ನಮ್ಮ ಟೇಬಲ್ಲಿಗೆ ಕಳಿಸುತ್ತಾರೆ. ಆ ಹತ್ತು ನಿಮಿಷದ ಕೆಲಸದಲ್ಲಿ ಒಬ್ಬರ ಮೂರೂವರೆ ಲಕ್ಷ ರೂಪಾಯಿ ಕೈಬಿಟ್ಟು ಹೋಗುವುದರಲ್ಲಿತ್ತು. ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಕ್ಲೈಂಟ್ ಹಡಗಿನಲ್ಲಿ ಇಂಜಿನಿಯರ್, ಅಂಕೋಲೆ ಕಡೆಯವರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ನಮ್ಮ ಜಿಲ್ಲೆಯೇ ಕಂಗೆಟ್ಟಿತ್ತು. ಅದೇ ವಾರ, 18ನೇ ತಾರೀಖು, ಕ್ರಿಪ್ಟೊ ಕೊಳ್ಳುವ, ಮಾರುವ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ವಾಲೆಟ್ಟಿಗೆ ಕನ್ನ ಬಿದ್ದು ಸುಮಾರು ಎರಡು ಸಾವಿರ ಕೋಟಿ ರೂಪಾಯಿ ಮೌಲ್ಯದ ಕಾಯಿನ್ ಹೋಯಿತು, ಗ್ರಾಹಕರ ವಿತ್‌ಡ್ರಾವಲ್ ನಿಂತಿತು. ಇವರ ದುಡ್ಡು ಇದ್ದದ್ದು ಬೇರೆ ಎಕ್ಸ್‌ಚೇಂಜಿನಲ್ಲಿ. ಆದರೂ ಹೆದರಿ ಎಲ್ಲವನ್ನೂ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕಾಯಿನ್ ಮಾಡಿ ಫೋನಿನ ವಾಲೆಟ್ಟಿಗೆ (ಕ್ರಿಪ್ಟೊ ಇಟ್ಟುಕೊಳ್ಳುವ ಆ್ಯಪ್) ಎಳೆದುಕೊಂಡಿದ್ದರು. ಮರುವರ್ಷದ ಮಳೆಗಾಲಕ್ಕೆ ರಜೆಯಲ್ಲಿ ಬಂದಾಗ ಮನೆ ಕಟ್ಟಿಸುವ ಖರ್ಚಿಗೆ ನಾಲ್ಕು ಸಾವಿರ ಯುಎಸ್‌ಡಿಟಿಯನ್ನು ವಾಪಸ್ ಎಕ್ಸ್‌ಚೇಂಜಿಗೆ ಹಾಕಿ ಮಾರಬೇಕಿತ್ತು. ಎರಡು ದಿನ ಬಿಟ್ಟರೆ ಮತ್ತೆ ಹಡಗು. ಅವಸರ ಬಂದದ್ದು ಅಲ್ಲಿಂದ.

ಶುರುವಾದದ್ದೇ ತೊಡಕಿನಿಂದ. ವಾಲೆಟ್ಟಿನಲ್ಲಿ ಟ್ರಾನ್ ಎಂಬ ನೆಟ್‌ವರ್ಕಿನ ಮೇಲೆ ಯುಎಸ್‌ಡಿಟಿ ಇತ್ತು, ಆ ನೆಟ್‌ವರ್ಕಿನ ಸ್ವಂತ ಕಾಯಿನ್ ಆದ ಟಿಆರ್‌ಎಕ್ಸ್ ಒಂದು ಚೂರೂ ಇರಲಿಲ್ಲ. ಟ್ರಾನ್ ನೆಟ್‌ವರ್ಕಿನಲ್ಲಿ ಯುಎಸ್‌ಡಿಟಿ ಕದಲಬೇಕಾದರೆ ಶುಲ್ಕವನ್ನು ಟಿಆರ್‌ಎಕ್ಸ್‌ನಲ್ಲೇ ಕೊಡಬೇಕು. ಎಥೀರಿಯಂ ಮೇಲಿದ್ದರೆ ಈಥರ್ ಬೇಕು. ದುಡ್ಡು ಕಣ್ಣೆದುರಿಗೇ ಇದ್ದರೂ ಅಲುಗಾಡಿಸಲು ಆಗದ ಸ್ಥಿತಿ ಇದು, ಸುಮಾರು ಜನ ಇಲ್ಲಿ ಸಿಕ್ಕಿಬೀಳುತ್ತಾರೆ. ಎಕ್ಸ್‌ಚೇಂಜಿನಲ್ಲಿ ಸ್ವಲ್ಪ ಟಿಆರ್‌ಎಕ್ಸ್ ಕೊಂಡು ವಾಲೆಟ್ಟಿಗೆ ಕಳಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಾಹೇಬರು ಆಗಲೇ ಗಡಿಯಾರ ನೋಡತೊಡಗಿದ್ದರು.

ಆಮೇಲಿನದ್ದನ್ನು ಕ್ರಮವಾಗಿಯೇ ಮಾಡಿದೆವು. ಎಲ್ಲಿಗೆ ಕಳಿಸಬೇಕೆಂಬ ವಿಳಾಸ ತೋರಿಸುವ ಎಕ್ಸ್‌ಚೇಂಜಿನ ಡೆಪಾಸಿಟ್ ಪುಟವನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದು, ನೆಟ್‌ವರ್ಕ್ ಟಿಆರ್‌ಸಿ-20 (ಅಂದರೆ ಟ್ರಾನ್) ಎಂದೇ ಇದೆಯೆಂದು ನೋಡಿ, ಆ ಪುಟದ ಪ್ರಿಂಟ್ ತೆಗೆದು ಕ್ಲೈಂಟ್ ಫೈಲಿಗೆ ಸೇರಿಸಿದೆ. ಟ್ರಾನ್ ವಿಳಾಸ 'ಟಿ' ಅಕ್ಷರದಿಂದ ಶುರುವಾಗುವುದರಿಂದ ಬೇರೆ ನೆಟ್‌ವರ್ಕಿನ ವಿಳಾಸ ಹಾಕಿದರೆ ವಾಲೆಟ್ ಒಪ್ಪುವುದೇ ಇಲ್ಲ. ಗಂಡಾಂತರ ಇರುವುದು ಇಆರ್‌ಸಿ-20 (ಎಥೀರಿಯಂ), ಬಿಇಪಿ-20 (ಬಿಎನ್‌ಬಿ ಚೈನ್) ನಡುವೆ. ಎರಡರ ವಿಳಾಸವೂ 'ಸೊನ್ನೆ ಎಕ್ಸ್' ಎಂದೇ ಶುರು, ಎರಡೂ ಒಂದೇ ರೂಪ, ತಪ್ಪು ನೆಟ್‌ವರ್ಕ್ ಆರಿಸಿದರೂ ಹೊರಟುಬಿಡುತ್ತದೆ. ಎಕ್ಸ್‌ಆರ್‌ಪಿ ಎಂಬ ಕಾಯಿನ್ ಆದರೆ ವಿಳಾಸದ ಜೊತೆ ಡೆಸ್ಟಿನೇಶನ್ ಟ್ಯಾಗ್ ಎಂಬ ಸಂಖ್ಯೆಯೂ ಬೇಕು. ಅದನ್ನು ಬಿಟ್ಟರೆ ದುಡ್ಡು ಎಕ್ಸ್‌ಚೇಂಜ್ ತಲುಪುತ್ತದೆ, ಆದರೆ ಯಾರ ಖಾತೆಗೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಮೊದಲು ಹತ್ತು ಯುಎಸ್‌ಡಿಟಿ ಟೆಸ್ಟ್ ಕಳಿಸಿದೆವು. ಟೆಸ್ಟ್ ಎಂದು ತೀರಾ ಕಡಿಮೆ ಕಳಿಸಲೂ ಬಾರದು. ಎಕ್ಸ್‌ಚೇಂಜಿನ ಕನಿಷ್ಠ ಡೆಪಾಸಿಟ್‌ಗಿಂತ ಕೆಳಗಿದ್ದರೆ ಜಮಾ ಆಗುವುದಿಲ್ಲ, ನಾವು ಸುಮ್ಮನೆ ಹೆದರಿ ಕೂರಬೇಕು. ನಮ್ಮ ಹತ್ತು ಜಮಾ ಆಯಿತು. ಎಲ್ಲರಿಗೂ ಸಮಾಧಾನ. ಅಷ್ಟರಲ್ಲಿ ಕರೆಂಟ್ ಹೋಯಿತು.

ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಹೇಳಿ ಹೇಳಿ ನಮಗೂ ಸಾಕಾಗಿದೆ. ಕಂಪ್ಯೂಟರ್ ಆಫ್, ರೌಟರ್ ಆಫ್. ಕರೆಂಟ್ ಬಂದ ಮೇಲೆ ಎಕ್ಸ್‌ಚೇಂಜ್ ಮತ್ತೆ ಲಾಗಿನ್ ಕೇಳಿತು. ಒಟಿಪಿ ಹೋಗುವುದು ಕ್ಲೈಂಟಿನ ಹಳೆಯ ನಂಬರಿಗೆ. ಆ ಸಿಮ್ ಇದ್ದದ್ದು ಊರಿನ ಮನೆಯಲ್ಲಿ, ಹೆಂಡತಿಯ ಫೋನಿನಲ್ಲಿ. ಹೊರಗೆ ಜಡಿಮಳೆ, ಕಾಲ್ ತಾಗುತ್ತಿಲ್ಲ. ಇಂಥ ಖಾತೆಗೆ ಎಸ್‌ಎಂಎಸ್ ಬಿಟ್ಟು, ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಳ್ಳಿ ಎಂದು ಅವರಿಗೆ ಮೊದಲೇ ಹೇಳಿಯಾಗಿತ್ತು. ಬೇರೆಯವರು ನಮ್ಮ ಹೆಸರಿನಲ್ಲಿ ಡುಪ್ಲಿಕೇಟ್ ಸಿಮ್ ತೆಗೆದರೆ ಒಟಿಪಿ ಅವರಿಗೇ ಹೋಗುತ್ತದೆ, ಆ ಭಯವೂ ಇದೆ.

ಸಾಹೇಬರು ಒಳಗಿನಿಂದಲೇ ಕೂಗಿದರು: 'ಹತ್ತು ಹೋಗಿದೆಯಲ್ಲ, ಅದೇ ಅಡ್ರೆಸ್ ಹಿಸ್ಟರಿಯಿಂದ ತೆಗೆದು ಹಾಕಿ, ಮುಗಿಸಿ.'

ನಮ್ಮ ಜೂನಿಯರ್ ಹಾಗೇ ಮಾಡಿದ. ವಾಲೆಟ್ಟಿನ ಹಿಸ್ಟರಿ ತೆರೆದು, ಮೇಲಿನ ಸಾಲು ಒತ್ತಿ, ವಿಳಾಸ ಕಾಪಿ ಮಾಡಿ ಕಳಿಸುವ ಜಾಗಕ್ಕೆ ಹಾಕಿದ. ನಾಲ್ಕು ಸಾವಿರ ಎಂದು ತುಂಬಿದ. ಆಮೇಲೆ ನಮ್ಮ ಪದ್ಧತಿ: ಒಬ್ಬರು ಓದುವುದು, ಇನ್ನೊಬ್ಬರು ತಾಳೆ ನೋಡುವುದು, ಮೊದಲ ನಾಲ್ಕು ಅಕ್ಷರ, ಕೊನೆಯ ನಾಲ್ಕು ಅಕ್ಷರ. ಅವನು ಫೋನ್ ನೋಡಿ ಓದಿದ, ನಾನು ಪ್ರಿಂಟ್ ನೋಡಿದೆ. ಎಂಟೂ ಸರಿಯಾಗಿದ್ದವು. ಕ್ಲೈಂಟ್ ಪಾಸ್‌ವರ್ಡ್ ಒತ್ತಲು ಫೋನ್ ಕೈಗೆ ತೆಗೆದುಕೊಂಡರು.

ನನ್ನನ್ನು ತಡೆದದ್ದು ಒಂದು ಬಾಣದ ಗುರುತು. ಅವನು ಹಿಸ್ಟರಿ ತೆರೆದಾಗ ಮೇಲಿನ ಸಾಲಿನಲ್ಲಿ ಹಸಿರು ಬಾಣ ಕೆಳಮುಖವಾಗಿದ್ದದ್ದು ಕಣ್ಣಿಗೆ ಬಿದ್ದಿತ್ತು. ಕೆಳಮುಖ ಎಂದರೆ ಬಂದದ್ದು. ನಾವು ಕಳಿಸಿದ್ದೆವು, ನಮಗೆ ಯಾರೂ ಏನೂ ಕಳಿಸಿರಲಿಲ್ಲ. 'ಒಂದ್ನಿಮಿಷ ನಿಲ್ಲಿ, ಒತ್ತಬೇಡಿ' ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. 'ನಡುವಿನದ್ದೂ ಓದು' ಎಂದು ಜೂನಿಯರ್‌ಗೆ ಹೇಳಿದೆ. ಐದನೆಯ ಅಕ್ಷರ ನನ್ನ ಪ್ರಿಂಟಿನಲ್ಲಿ ದೊಡ್ಡ ಎಂ, ಅವನು ಓದಿದ್ದು ಒಂಬತ್ತು. ಇನ್ನೊಮ್ಮೆ ಓದಿಸಿದೆ. ಒಂಬತ್ತೇ. ಆರನೆಯದೂ ಬೇರೆ, ಏಳನೆಯದೂ ಬೇರೆ. ಕ್ಲೈಂಟಿನ ಹೆಬ್ಬೆರಳು ಇನ್ನೂ ಸ್ಕ್ರೀನಿನ ಹತ್ತಿರವೇ ಇತ್ತು. ಟ್ರಾನ್‌ನಲ್ಲಿ ಮೂರು ಸೆಕೆಂಡಿಗೊಂದು ಬ್ಲಾಕ್, ಅಂದರೆ ಲೆಕ್ಕಕ್ಕೆ ಸೇರುವ ವಹಿವಾಟುಗಳ ಕಂತೆ. ಒತ್ತಿದ್ದರೆ ಒಂದು ನಿಮಿಷ ಕಳೆಯುವುದರೊಳಗೆ ಅದು ಯಾರೂ ವಾಪಸ್ ತರಲಾಗದ ವಹಿವಾಟು. ದೂರು ಕೊಡಲು 1930 ಸಹಾಯವಾಣಿ ಇದೆ, ಸೈಬರ್ ಪೋರ್ಟಲ್ ಇದೆ. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿ ಒಂದು ವಾಲೆಟ್ಟಿನ ಯುಎಸ್‌ಡಿಟಿಯನ್ನು ತಡೆಹಿಡಿಯಬಲ್ಲದು. ಆದರೆ ಇನ್ಯಾರದ್ದೋ ಖಾಸಗಿ ವಾಲೆಟ್ಟಿಗೆ ಹೋದದ್ದಕ್ಕೆ ನಾವು ಫೋನ್ ಮಾಡಿ ಕೂಡಲೇ ನಿಲ್ಲಿಸಿ ಎನ್ನಲು ಬ್ಯಾಂಕಿನ ಮ್ಯಾನೇಜರಿನಂಥವರು ಅಲ್ಲಿ ಯಾರೂ ಇಲ್ಲ.

ಇದಕ್ಕೆ ಅಡ್ರೆಸ್ ಪಾಯ್ಸನಿಂಗ್ ಎನ್ನುತ್ತಾರೆ. ಬ್ಲಾಕ್‌ಚೈನ್, ಅಂದರೆ ಕ್ರಿಪ್ಟೊದ ಬಹಿರಂಗ ಲೆಕ್ಕದ ಪುಸ್ತಕದಲ್ಲಿ, ಎಲ್ಲರ ವಹಿವಾಟೂ ಎಲ್ಲರಿಗೂ ಕಾಣುತ್ತದೆ. ಕಳ್ಳರ ಪ್ರೋಗ್ರಾಂಗಳು ಅದನ್ನೇ ಕಾಯುತ್ತಿರುತ್ತವೆ. ನಾವು ಒಂದು ವಿಳಾಸಕ್ಕೆ ಕಳಿಸಿದ ಕೂಡಲೇ ಮೊದಲ, ಕೊನೆಯ ಅಕ್ಷರಗಳು ಅದರಂತೆಯೇ ಇರುವ ಇನ್ನೊಂದು ವಿಳಾಸವನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಅಲ್ಲಿಂದ ನಮ್ಮ ವಾಲೆಟ್ಟಿಗೆ ಚಿಲ್ಲರೆಗೂ ಕಡೆಯಾದ ಮೊತ್ತ ಕಳಿಸುತ್ತವೆ. ಆಗ ಹಿಸ್ಟರಿಯ ಮೇಲಿನ ಸಾಲು ಅವರದ್ದು. ವಾಲೆಟ್ ಆ್ಯಪ್‌ಗಳು ವಿಳಾಸದ ನಡುಭಾಗ ನುಂಗಿ ಮೂರು ಚುಕ್ಕಿ ಇಡುತ್ತವಲ್ಲ, ಅದೇ ಅವರಿಗೆ ಅನುಕೂಲ. ಟ್ರಾನ್ ವಿಳಾಸದಲ್ಲಿ ಚೆಕ್‌ಸಮ್ ಇರುವುದರಿಂದ ಒಂದಕ್ಷರ ತಪ್ಪಿದರೆ ಆ್ಯಪ್ ತಡೆಯುತ್ತದೆ ಎಂದು ಜೂನಿಯರ್ ವಾದಿಸಿದ. ನಿಜ, ಕೈತಪ್ಪಿಗೆ ಅದು ಸಾಕು. ಆದರೆ ಕಳ್ಳನ ವಿಳಾಸದಲ್ಲಿ ಯಾವ ತಪ್ಪೂ ಇಲ್ಲ, ಅದು ಪಕ್ಕಾ ವಿಳಾಸವೇ. ಆ್ಯಪ್ ಯಾಕೆ ತಡೆಯುತ್ತದೆ?

ಟೆಸ್ಟ್ ಕಳಿಸಿದರೆ ಸಾಕು ಎನ್ನುವವರಿಗೆ ಇದನ್ನು ಒತ್ತಿ ಹೇಳಬೇಕು. ನಮ್ಮ ಟೆಸ್ಟೇ ಕಳ್ಳನಿಗೆ ಸೂಚನೆ ಕೊಟ್ಟದ್ದು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೇ ಸಣ್ಣ ಮೊತ್ತ ಮೊದಲು ಕಳಿಸಿ, ಆಮೇಲೆ 1,155 ರ್‍ಯಾಪ್ಡ್ ಬಿಟ್‌ಕಾಯಿನ್ (ಎಥೀರಿಯಂ ಮೇಲೆ ಓಡಾಡುವ ಬಿಟ್‌ಕಾಯಿನ್ ರೂಪ) ಅನ್ನು, ಅಂದರೆ ಸುಮಾರು 6.8 ಕೋಟಿ ಡಾಲರ್ ಅನ್ನು, ಹೋಲುವ ವಿಳಾಸಕ್ಕೆ ಕಳಿಸಿಬಿಟ್ಟರು. ಅವರಿಗೆ ಕೊನೆಗೆ ಕಳ್ಳನೇ ವಾಪಸ್ ಕೊಟ್ಟ. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ.

ಆ ದಿನ ಮತ್ತೇನನ್ನೂ ಕಳಿಸಲು ನಾನು ಒಪ್ಪಲಿಲ್ಲ. ಸಾಹೇಬರಿಗೆ ಸಿಟ್ಟು ಬಂತು, ಕ್ಲೈಂಟಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವರು ಹೆಂಡತಿಯ ಫೋನ್ ಜೊತೆಗೇ ತಂದರು. ಡೆಪಾಸಿಟ್ ಪುಟ ಹೊಸದಾಗಿ ತೆರೆದು, ಕ್ಯೂಆರ್ ಸ್ಕ್ಯಾನ್ ಮಾಡಿ, ಮೂವತ್ನಾಲ್ಕು ಅಕ್ಷರವನ್ನೂ ಓದಿ ತಾಳೆ ನೋಡಿ ಕಳಿಸಿದೆವು. ಬಂತು, ಮಾರಿದರು, ಶೇ. 1 ಟಿಡಿಎಸ್ ಕಡಿತವಾಯಿತು. ತನ್ನದೇ ವಾಲೆಟ್ಟಿನಿಂದ ತನ್ನದೇ ಎಕ್ಸ್‌ಚೇಂಜ್ ಖಾತೆಗೆ ಹಾಕಿಕೊಂಡದ್ದು ಮಾರಾಟವಲ್ಲ, ಅದಕ್ಕೆ ತೆರಿಗೆ ಇಲ್ಲ. ಆದರೆ ಟ್ರಾನ್ಸಾಕ್ಷನ್ ಐಡಿ ಇಟ್ಟುಕೊಳ್ಳದಿದ್ದರೆ ಕೊಂಡ ಬೆಲೆ ತೋರಿಸುವುದು ಕಷ್ಟ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ, ಕೊಂಡ ಬೆಲೆಯೊಂದನ್ನು ಬಿಟ್ಟು ಯಾವ ಖರ್ಚನ್ನೂ ಕಳೆಯಲು ಬಿಡುವುದಿಲ್ಲ. ಆ ಟಿಆರ್‌ಎಕ್ಸ್ ಶುಲ್ಕವನ್ನೂ ಕಳೆಯುವಂತಿಲ್ಲ.

ಈಗ ಆಫೀಸಿನಲ್ಲಿ ಹಿಸ್ಟರಿಯಿಂದ ವಿಳಾಸ ಕಾಪಿ ಮಾಡುವುದು ನಿಂತಿದೆ. ಅಕ್ಷರ ಪೂರ್ತಿ ಓದುತ್ತೇವೆ. ಪದೇ ಪದೇ ಕಳಿಸುವವರಿಗೆ ವಿಳಾಸವನ್ನು ಅಡ್ರೆಸ್ ಬುಕ್ಕಿನಲ್ಲಿ ಹೆಸರು ಕೊಟ್ಟು ಉಳಿಸಲು ಹೇಳುತ್ತೇವೆ. ಎಕ್ಸ್‌ಚೇಂಜಿನಿಂದ ಹೊರಗೆ ಕಳಿಸುವವರಿಗೆ ವೈಟ್‌ಲಿಸ್ಟ್ (ಮೊದಲೇ ಸೇರಿಸಿದ ವಿಳಾಸಗಳಿಗೆ ಮಾತ್ರ ಕಳಿಸುವ ವ್ಯವಸ್ಥೆ) ಆನ್ ಮಾಡಿಸುತ್ತೇವೆ. ಹೊಸ ವಿಳಾಸ ಸೇರಿಸಿದ ಮೇಲೆ ಕೆಲವು ಕಡೆ ಒಂದು ದಿನ ಕಾಯಬೇಕಾಗುತ್ತದೆ. ಸಾಹೇಬರು ಗೊಣಗುತ್ತಾರೆ, ಗೊಣಗಲಿ. ಯುಪಿಎಸ್ ಬ್ಯಾಟರಿ ಮಾತ್ರ ಇನ್ನೂ ಬಂದಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಸೋತಿದ್ದೇನೆ. ಹಡಗಿಗೆ ಹೊರಡುವ ಮುಂಚೆ ಆ ಕ್ಲೈಂಟ್ ವಾಲೆಟ್ಟಿನ ಹನ್ನೆರಡು ಪದಗಳ ಸೀಡ್ ಫ್ರೇಸ್ ಬರೆದು ಕವರಿನಲ್ಲಿ ಹಾಕಿ ನಮ್ಮ ಸಾಹೇಬರಿಗೆ ಕೊಟ್ಟರು, ಸಾಹೇಬರು ಲಾಕರಿನಲ್ಲಿಟ್ಟರು. ಆ ಹನ್ನೆರಡು ಪದ ಯಾರ ಕೈಯಲ್ಲಿದೆಯೋ ವಾಲೆಟ್ ಅವರದ್ದೇ. ಪಾಸ್‌ವರ್ಡ್ ಬೇಡ, ಅವರ ಫೋನೂ ಬೇಡ. ಲಾಕರಿನ ಬೀಗದ ಕೈ ನಮ್ಮಲ್ಲಿ ಮೂವರ ಹತ್ತಿರ ಇದೆ. ನಾಳೆ ಅಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಮೂವರ ಮೇಲೂ ಅನುಮಾನ. ಕವರ್ ಮನೆಯವರಿಗೆ ಕೊಟ್ಟುಬಿಡಿ, ಕ್ಲೈಂಟ್ ಬಂದಾಗ ಹೊಸ ವಾಲೆಟ್ ಮಾಡಿ ಉಳಿದದ್ದನ್ನು ಅದಕ್ಕೆ ದಾಟಿಸಲಿ ಎಂದು ಸಾಹೇಬರಿಗೆ ಬರೆದೇ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಕ್ಲೈಂಟಿಗೂ ವಾಟ್ಸ್ಆ್ಯಪ್ ಹಾಕಿದ್ದೇನೆ, ಹಡಗು ಯಾವುದಾದರೂ ಬಂದರು ಮುಟ್ಟಿದಾಗ ನೋಡುತ್ತಾರೆ.