ತೆಂಗಿನಕಾಯಿ ಚೀಲ ಹೊತ್ತುಕೊಂಡು ಶೋರೂಮಿಗೆ

ಶಿವಮೊಗ್ಗ
16 ನವೆಂಬರ್ 2025, ಭಾನುವಾರ

ಅಂತೂ ಇವತ್ತು ಹೊಸ ಕಾರು ಬುಕ್ ಮಾಡಿದೆವು. ಮೂರು ವಾರದಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೊನ್ನೆ ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ, ಯಾರೂ ಗಮನಿಸಲೇ ಇಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಬ್ರೋಷರ್.

ನಾವು ಆರು ಜನ. ನಾನು, ಇವರು, ಅತ್ತೆ, ಮಾವ, ಒಂಬತ್ತನೇ ಕ್ಲಾಸಿನ ದೊಡ್ಡವಳು, ಎರಡನೇ ಕ್ಲಾಸಿನ ಚಿಕ್ಕವಳು. ಇಷ್ಟು ದಿನ ಐದು ಸೀಟಿನ ಕಾರಿನಲ್ಲೇ ಸುಧಾರಿಸಿದೆವು. ಚಿಕ್ಕವಳು ಯಾರದಾದರೂ ತೊಡೆ ಮೇಲೆ. ಅದು ತಪ್ಪು ಅಂತ ಗೊತ್ತಿದ್ದೇ ಮಾಡುತ್ತಿದ್ದೆವು, ಸುಮ್ನೆ ಸುಳ್ಳು ಯಾಕೆ ಹೇಳಲಿ.

ಈ ಜುಲೈನಲ್ಲಿ ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಆ ಕಾರು ಕೈಕೊಟ್ಟಿತು. ಹದಿನಾಲ್ಕು ತಿರುವಿನಲ್ಲಿ ಒಂಬತ್ತು ಹತ್ತಿದ್ದೆವು. ಸುಟ್ಟ ರಬ್ಬರಿನ ಥರ ವಾಸನೆ ಬಂತು, ಕ್ಲಚ್ ಕಾಲಿಗೆ ಸಿಗಲೇ ಇಲ್ಲ. ಧೋ ಅಂತ ಮಳೆ. ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ ನಿಂತೆವು. ಅತ್ತೆ ಟಾರ್ಚ್ ಹಿಡಿದುಕೊಂಡು ಮೊಮ್ಮಗಳ ಕಾಲಿಗೆ ಹತ್ತಿದ ಇಂಬಳ ಒಂದೊಂದಾಗಿ ಕಿತ್ತರು. ಕೊನೆಯದನ್ನು ಕಿತ್ತು ಎಸೆದು, "ಇನ್ನು ಈ ಗಾಡೀಲಿ ನಾನು ಘಾಟಿ ಇಳಿಯೋದಿಲ್ಲ" ಅಂದರು. ಅಲ್ಲಿಗೆ ಹನ್ನೊಂದು ವರ್ಷದ ಕಾರಿನ ಋಣ ತೀರಿತು.

ಆಗಲೇ ತಗೊಳ್ಳಬೇಕಿತ್ತು. ಅಷ್ಟರಲ್ಲಿ ಜಿಎಸ್‌ಟಿ ಇಳಿಯುತ್ತೆ ಅನ್ನೋ ಸುದ್ದಿ ಬಂತು. ಸೆಪ್ಟೆಂಬರ್ 22ರಿಂದ ಇಳಿಯಿತು ಕೂಡ. ನಾಲ್ಕು ಮೀಟರಿಗಿಂತ ಉದ್ದದ ಗಾಡಿಗಳಿಗೆ ಸೆಸ್ ಎಲ್ಲ ಹೋಗಿ 40 ಪರ್ಸೆಂಟ್ ಒಂದೇ ಆಯಿತು. ನಾವು ನೋಡುತ್ತಿದ್ದ ಸಣ್ಣ ಏಳು ಸೀಟಿನ ಗಾಡಿಗೆ ಮೊದಲು 45 ಇತ್ತು. ದೊಡ್ಡ ಡೀಸೆಲ್ ಗಾಡಿಗೆ 50. ಆಮೇಲೆ ದೀಪಾವಳಿ ನೂಕುನುಗ್ಗಲು ಮುಗಿಯಲಿ ಅಂತ ಮತ್ತೆ ಕಾದೆವು.

ನಮ್ಮ ಭಾವನ ಹತ್ತಿರ ಕೇಳಿದರೆ ಉತ್ತರ ಒಂದೇ. ಇನ್ನೋವಾ. ಪ್ರಶ್ನೆ ಏನೇ ಇರಲಿ, ಇನ್ನೋವಾ. ಅವರ ತಪ್ಪೂ ಅಲ್ಲ. ನಮ್ಮ ಕಡೆ ಮದುವೆ, ಮುಂಜಿ, ಆಸ್ಪತ್ರೆ, ಎಲ್ಲಕ್ಕೂ ಬರೋದು ಅದೇ. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು, 2016ರಲ್ಲಿ ಕ್ರಿಸ್ಟಾ. ಎಲ್ಲವೂ ಬಿಡದಿಯಲ್ಲೇ ತಯಾರಾದವು. ಬಸ್ ಸ್ಟ್ಯಾಂಡ್ ಹತ್ತಿರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್ ಅಣ್ಣನನ್ನು ಮಾತಾಡಿಸಿದೆ. ಅವರ ಕ್ರಿಸ್ಟಾ ನಾಲ್ಕು ಲಕ್ಷ ಕಿಲೋಮೀಟರ್ ಓಡಿದೆಯಂತೆ. "ಇಂಜಿನ್ ಬಿಚ್ಚಿಲ್ಲ ಮೇಡಂ. ಕ್ಲಚ್ಚು, ಬುಷ್ಷು, ಟೈರು. ಅಷ್ಟೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ವರ್ಷಕ್ಕೆ ಎಷ್ಟು ಓಡಿಸ್ತೀರ?" ಅಂತ ಕೇಳಿದರು. ಒಂಬತ್ತು ಸಾವಿರ ಅಂದೆ. ಅವರು ನಕ್ಕರು. ಅವರಿಗೆ ಅದು ಒಂದು ತಿಂಗಳಿನ ಓಟ.

ಆ ನಗು ನನ್ನ ತಲೆಯಲ್ಲೇ ಉಳಿಯಿತು.

ನಮ್ಮ ಓಡಾಟ ಅಂದರೆ ಏನು? ಶಾಲೆಗೆ ಮೂರು ಕಿಲೋಮೀಟರ್, ಇವರ ಬ್ಯಾಂಕಿಗೆ ನಾಲ್ಕು. ತಿಂಗಳಿಗೊಮ್ಮೆ ತೀರ್ಥಹಳ್ಳಿ ಹತ್ತಿರದ ತೋಟ. ವರ್ಷಕ್ಕೆ ಎರಡು ಮೂರು ಸಲ ಶೃಂಗೇರಿ, ಉಡುಪಿ. ಈಗಿನ ಬಿಎಸ್ 6, ಅಂದರೆ ಹೊಗೆಯ ಹೊಸ ನಿಯಮದ, ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಒಂದು ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತ. ಹೈವೇಯಲ್ಲಿ ಚೆನ್ನಾಗಿ ಬಿಸಿಯಾಗಿ ಓಡಿದರೆ ಆ ಮಸಿ ಅಲ್ಲೇ ಸುಟ್ಟು ಹೋಗುತ್ತೆ. ದಿನಾ ಮೂರು ಕಿಲೋಮೀಟರ್ ಹೋಗಿ ಆಫ್ ಮಾಡಿದರೆ ಕಟ್ಟಿಕೊಳ್ಳುತ್ತಾ ಹೋಗುತ್ತೆ. ಅಂದರೆ ಟ್ಯಾಕ್ಸಿಯವರ ಕೈಯಲ್ಲಿ ನಾಲ್ಕು ಲಕ್ಷ ಓಡುವ ಜಾತಿಯ ಇಂಜಿನ್ ನಮ್ಮ ಕೈಯಲ್ಲಿ ಶಾಲೆ ಗೇಟಿನ ಮುಂದೆ ಎಚ್ಚರಿಕೆ ಲೈಟ್ ಹಚ್ಚಿಕೊಂಡು ಕೂರಬಹುದು. ಗಾಡಿ ಗಟ್ಟಿಯಾ ಅನ್ನೋದು ಗಾಡಿಗೆ ಕೇಳುವ ಪ್ರಶ್ನೆ ಮಾತ್ರ ಅಲ್ಲ ಅಂತ ನನಗೆ ಅವತ್ತು ಹೊಳೆದದ್ದು. ಡೀಸೆಲ್ ಪಟ್ಟಿಯಿಂದ ಹೋಯಿತು.

ಇನ್ನು ಹೈಬ್ರಿಡ್, ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ ಮೋಟರೂ ಇರೋದು. ಇವರಿಗೆ ಇನ್ನೋವಾ ಹೈಕ್ರಾಸ್ ಮೇಲೆ ಮನಸ್ಸು. ನನಗೂ ಇತ್ತು, ಚೆಂದದ ಗಾಡಿ. ಕ್ರಿಸ್ಟಾ ಥರ ಚಾಸಿ ಮೇಲೆ ಬಾಡಿ ಕೂರಿಸಿದ್ದಲ್ಲ, ಕಾರಿನ ಥರ ಒಂದೇ ಬಾಡಿ. ಗಾಡಿ ಗುದ್ದಿಸಿ ಸುರಕ್ಷತೆ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್. ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23.24, ಬರೀ ಪೆಟ್ರೋಲಿನದಕ್ಕೆ 16.13. ರಾತ್ರಿ ಅಡುಗೆಮನೆ ಕಟ್ಟೆ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಒಂಬತ್ತು ಸಾವಿರ ಕಿಲೋಮೀಟರಿಗೆ ಉಳಿಯೋದು ಸುಮಾರು 170 ಲೀಟರ್. ಲೀಟರಿಗೆ ನೂರು ಚಿಲ್ಲರೆ ಅಂದರೂ ವರ್ಷಕ್ಕೆ ಹದಿನೇಳು ಹದಿನೆಂಟು ಸಾವಿರ. ಹೈಬ್ರಿಡ್‌ಗೆ ಕೊಡಬೇಕಾದ ಹೆಚ್ಚಿನ ದುಡ್ಡು ಐದಾರು ಲಕ್ಷ. ಅಸಲು ವಾಪಸ್ ಬರುವ ಹೊತ್ತಿಗೆ ಚಿಕ್ಕವಳಿಗೆ ನಲವತ್ತು. ಊರೊಳಗೆ ನಿಜವಾದ ಮೈಲೇಜಿನ ವ್ಯತ್ಯಾಸ ಇದಕ್ಕಿಂತ ಜಾಸ್ತಿ ಇರುತ್ತೆ ಅಂತ ಇವರು ವಾದ ಮಾಡಿದರು. ಇರಲಿ, ಎರಡರಷ್ಟು ಹಿಡಿಯೋಣ. ಆಗ ಇಪ್ಪತ್ತನಾಲ್ಕು. ಮದುವೆ ವಯಸ್ಸು.

ಮಾವನ ಲೆಕ್ಕವೇ ಬೇರೆ. ಅವರು ಯಾವ ಬೆಲೆ ಕೇಳಿದರೂ ಅಡಿಕೆಗೆ ಭಾಗಿಸುತ್ತಾರೆ. ಕ್ರಿಸ್ಟಾ ಆನ್ ರೋಡ್ ಇಪ್ಪತ್ತೆರಡು ಲಕ್ಷ ದಾಟುತ್ತೆ ಅಂದಾಗ ಕಣ್ಣು ಮುಚ್ಚಿ ಬೆರಳು ಮಡಚಿದರು. "ಮೂವತ್ತೈದು ಕ್ವಿಂಟಾಲ್ ರಾಶಿ ಅಡಿಕೆ" ಅಂದರು. ಮತ್ತೆ ಮಾತಾಡಲಿಲ್ಲ.

ಅಷ್ಟಾದರೂ ಎಲ್ಲವನ್ನೂ ಕೂತು ನೋಡದೆ ತೀರ್ಮಾನ ಬೇಡ ಅಂತ ನಾನೇ ಹಟ ಮಾಡಿದೆ. ಎರಡು ಭಾನುವಾರ ಮನೆಮಂದಿಯೆಲ್ಲ ಶೋರೂಮ್ ಸುತ್ತಿದೆವು. ಬರೀ ಜನ ಅಲ್ಲ, ಸಾಮಾನಿನ ಸಮೇತ. ಎರಡು ಸೂಟ್‌ಕೇಸ್, ಅತ್ತೆಯ ಮಡಚುವ ವಾಕರ್, ಮತ್ತೆ ಒಂದು ಚೀಲ ತೆಂಗಿನಕಾಯಿ, ಎಣಿಸಿ ಇಪ್ಪತ್ತು. ತೋಟದಿಂದ ಬರುವಾಗ ನಾವು ಖಾಲಿ ಕೈಯಲ್ಲಿ ಬಂದದ್ದೇ ಇಲ್ಲ, ಅದಕ್ಕೆ. ಮೊದಲನೇ ಶೋರೂಮಿನ ಹುಡುಗ ಆ ಚೀಲ ನೋಡಿ, "ಮೇಡಂ, ಪೂಜೆ ಡೆಲಿವರಿ ದಿನ ಇರುತ್ತೆ" ಅಂದ. ಪಾಪ.

ಅತ್ತೆಯ ಮಂಡಿ ಪರೀಕ್ಷೆ ಮೊದಲು. ಅವರು ಎಡಗಾಲು ಮೇಲೆತ್ತಿ ಎತ್ತರದ ಗಾಡಿಯೊಂದರ ಫುಟ್‌ಬೋರ್ಡ್ ಮೇಲೆ ಇಟ್ಟರು, ಹಿಡಿಕೆ ಹಿಡಿದರು, ಒಂದು ಸಲ ಉಸಿರು ಬಿಗಿಹಿಡಿದು ಮೇಲೆ ಹೋದರು. ಕೂತ ಮೇಲೆ ರಾಣಿ ಥರ ಕಂಡರು. ಎಲ್ಲರೂ ಖುಷಿಪಟ್ಟೆವು. ಇಳಿಯಬೇಕು ಅಂದಾಗ ಬಲಗಾಲು ನೆಲ ಹುಡುಕಿತು. ಸಿಗಲಿಲ್ಲ. ಹೆಬ್ಬೆರಳು ಗಾಳಿಯಲ್ಲಿ ಆಡಿತು, ಹಿಡಿಕೆ ಹಿಡಿದ ಕೈ ನಡುಗಿತು. ಕೊನೆಗೆ ಇವರು ಹೋಗಿ ಎತ್ತಿಕೊಂಡೇ ಇಳಿಸಿದರು. ಹತ್ತೋದು ಎಲ್ಲರೂ ನೋಡುತ್ತಾರೆ, ಮಂಡಿ ಅಳೋದು ಇಳಿಯುವಾಗ. ಮಾವ, "ಒಂದು ಮಣೆ ಇಟ್ಕೊಂಡ್ರಾಯ್ತು" ಅಂದರು. ಅತ್ತೆ ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತಾ, "ಮಠದ ಬಾಗಿಲಲ್ಲಿ ಮಣೆ ಹಾಕ್ಕೊಂಡು ಇಳೀಲಾ? ನೀವೇ ಇಳೀರಿ" ಅಂದರು. ಎತ್ತರದ ಗಾಡಿಗಳ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಮಾರುತಿಯ ಎರ್ಟಿಗಾ, ಕಿಯಾದ ಕ್ಯಾರೆನ್ಸ್. ಎರಡರಲ್ಲೂ ಅತ್ತೆ ಕುರ್ಚಿಯಿಂದ ಏಳುವ ಹಾಗೆ ಎದ್ದರು.

ಆದರೆ ಡಿಕ್ಕಿ! ಮೂರೂ ಸಾಲು ಎತ್ತಿಟ್ಟರೆ ಎರ್ಟಿಗಾದಲ್ಲಿ 209 ಲೀಟರ್, ಕ್ಯಾರೆನ್ಸ್‌ನಲ್ಲಿ 216. ಓದಲು ದೊಡ್ಡ ಸಂಖ್ಯೆ. ಇಟ್ಟು ನೋಡಿದರೆ ಒಂದು ಸೂಟ್‌ಕೇಸ್ ನಿಂತಿತು, ತೆಂಗಿನಕಾಯಿ ಚೀಲಕ್ಕೆ ಜಾಗ ಇಲ್ಲ. ಸಿಎನ್‌ಜಿ ಎರ್ಟಿಗಾ ಆದರೆ ಅಲ್ಲಿ 60 ಲೀಟರಿನ ಸಿಲಿಂಡರೇ ಮಲಗಿರುತ್ತೆ. ಮೈಲೇಜು ಕಿಲೋ ಗ್ಯಾಸಿಗೆ 26 ಅಂತೆ, ಸಾಮಾನು ತಲೆ ಮೇಲೆ ಹೊರಬೇಕು. ನಾನು ಕೈಚೆಲ್ಲಿ ನಿಂತಿದ್ದೆ. ಆಗ ದೊಡ್ಡವಳು ಹಿಂದಿನ ಸಾಲಿನ ಅರ್ಧ ಸೀಟನ್ನು ಪಟ್ ಅಂತ ಮಡಚಿದಳು. ಆ ಸಾಲು ಅರ್ಧ ಅರ್ಧ ಮಡಚುತ್ತೆ. "ಅಮ್ಮ, ನಾವು ಆರೇ ಜನ ಅಲ್ವಾ? ಹಿಂದೆ ನಾನೊಬ್ಬಳೇ ಕೂತರೆ ಸಾಕು." ಮುಂದೆ ನಾವಿಬ್ಬರು, ನಡುವೆ ಅಜ್ಜ, ಅಜ್ಜಿ, ಚಿಕ್ಕವಳು, ಹಿಂದೆ ಅವಳು. ಅವಳ ಪಕ್ಕದ ಜಾಗದಲ್ಲಿ ಎರಡೂ ಸೂಟ್‌ಕೇಸ್, ವಾಕರ್, ಅದರ ಹಿಂದೆ ತೆಂಗಿನಕಾಯಿ ಚೀಲ. ಎಲ್ಲಾ ಹಿಡಿಸಿತು!

ಅದುವರೆಗೆ ಎಲ್ಲರೂ ನಮಗೆ ಆರು ಸೀಟಿನದ್ದೇ ತೋರಿಸುತ್ತಿದ್ದರು. ಆರು ಜನಕ್ಕೆ ಆರು ಸೀಟು, ನಡುವೆ ಬಿಡಿಬಿಡಿಯಾದ ಎರಡು ಕ್ಯಾಪ್ಟನ್ ಸೀಟು, ಆರಾಮ ಅಂತ. ಕೂರಲು ಆರಾಮ ನಿಜ. ಆದರೆ ನಡುವೆ ಇಬ್ಬರೇ ಕೂತರೆ ಹಿಂದೆ ಇಬ್ಬರು ಕೂರಲೇಬೇಕು, ಸೀಟು ಮಡಚಲು ಆಗಲ್ಲ, ಸಾಮಾನು ಮತ್ತೆ ತೊಡೆ ಮೇಲೆ. ಆರು ಜನಕ್ಕೆ ಬೇಕಾದ್ದು ಏಳು ಸೀಟು.

ದೊಡ್ಡವಳು ಕೂರುವ ಜಾಗದಲ್ಲಿ ನಾನು ಇಪ್ಪತ್ತು ನಿಮಿಷ ಕೂತೆ, ಗಾಡಿ ಓಡುವಾಗ. ಹಿಂದಿನ ಚಕ್ರದ ಮೇಲೇ ಕೂತ ಹಾಗೆ, ಹಂಪ್ ಬಂದರೆ ಮುಂದಿನವರಿಗಿಂತ ಜಾಸ್ತಿ ಗೊತ್ತಾಗುತ್ತೆ. ಬೆಲ್ಟ್ ಭುಜದ ಮೇಲಿಂದ ಬರುತ್ತಾ ನೋಡಿದೆ, ಬರುತ್ತೆ. ತಲೆಯ ಹಿಂದಿನ ದಿಂಬು ಎಳೆದು ನೋಡಿದೆ. ಕಿಟಕಿ ಮಾತ್ರ ತೆರೆಯೋದಿಲ್ಲ. ಘಾಟಿಯಲ್ಲಿ ವಾಂತಿ ಬರುವವರನ್ನು ಅಲ್ಲಿ ಕೂರಿಸಿದರೆ ಕಷ್ಟ. ಚಿಕ್ಕವಳು ಕೊಪ್ಪ ದಾಟುವ ಮೊದಲೇ ಶುರು ಮಾಡುತ್ತಾಳೆ. ಸ್ಟಾರ್ ಲೆಕ್ಕ ನೋಡುವಾಗ ಒಂದು ವಿಷಯ ತಿಳಿಯಿತು. ಗುದ್ದಿಸುವ ಪರೀಕ್ಷೆಯಲ್ಲಿ ಮುಂದೆ ದೊಡ್ಡವರ ಗೊಂಬೆ, ಅದರ ಹಿಂದಿನ ಸಾಲಿನಲ್ಲಿ ಮಕ್ಕಳ ಗೊಂಬೆ ಇಡುತ್ತಾರೆ. ನಮ್ಮ ಮಗಳು ಕೂರುವ ಮೂರನೇ ಸಾಲಿನಲ್ಲಿ ಯಾವ ಗೊಂಬೆಯೂ ಇರಲ್ಲ. ಹಾಗಾಗಿ ಅವಳ ಬೆಲ್ಟ್ ವಿಷಯದಲ್ಲಿ ಇನ್ನು ಮೇಲೆ ನಾನು ರಾಕ್ಷಸಿ.

ಕೊನೆಗೆ ಎರ್ಟಿಗಾ ಪೆಟ್ರೋಲ್, ಮ್ಯಾನುಯಲ್. ಕ್ಯಾರೆನ್ಸ್ ಕೂಡ ಇಷ್ಟವಾಗಿತ್ತು, ಒಳಗೆ ಇನ್ನೂ ಚೆಂದ. ಆದರೆ ತೀರ್ಥಹಳ್ಳಿಯ ಗ್ಯಾರೇಜ್ ಸಾಬರು ಕಣ್ಣು ಮುಚ್ಚಿ ಬಿಚ್ಚಿ ಕಟ್ಟುವ ಗಾಡಿ ಬೇಕು ಅಂತ ಮಾವ ಹೇಳಿದ್ದು ನನಗೆ ಸರಿ ಅನ್ನಿಸಿತು. ಟರ್ಬೋ ಇಲ್ಲದ ಸಾದಾ ಒಂದೂವರೆ ಲೀಟರ್ ಇಂಜಿನ್. ಎಲ್ಲರೂ ಕೂತು, ಏಸಿ ಹಾಕಿ, ವಿದ್ಯಾನಗರದ ರೈಲ್ವೆ ಮೇಲ್ಸೇತುವೆ ಹತ್ತಿಸಿದೆ. ಮೂರನೇ ಗೇರಿನಲ್ಲಿ ಸ್ವಲ್ಪ ಗೊಣಗಿತು, ಎರಡಕ್ಕೆ ಹಾಕಿದರೆ ಸಲೀಸು. ಕ್ರಿಸ್ಟಾದ ಎಳೆತ ಇದಕ್ಕಿಲ್ಲ. ಘಾಟಿಯಲ್ಲಿ ನಿಧಾನ ಹೋದರಾಯಿತು, ನಮಗೇನು ಅವಸರ.

ಬೆಲೆ ಚೀಟಿ ನೋಡುವಾಗ ಇವರು ಬ್ಯಾಂಕಿನವರು ಅನ್ನೋದು ಉಪಯೋಗಕ್ಕೆ ಬಂತು. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಗಾಡಿಗೆ ರಸ್ತೆ ತೆರಿಗೆ 14 ಪರ್ಸೆಂಟ್, ದಾಟಿದರೆ 17, ಇಪ್ಪತ್ತು ದಾಟಿದರೆ 18. ಅದರ ಮೇಲೆ ರಾಜ್ಯದ ಸೆಸ್. ನಾವು ನೋಡಿದ ಎರಡು ಮಾಡೆಲ್‌ಗಳಲ್ಲಿ ಒಂದು ಹತ್ತು ಲಕ್ಷಕ್ಕೆ ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ. ಅಲಾಯ್ ಚಕ್ರ, ಬಟನ್ ಸ್ಟಾರ್ಟ್ ಅಂತ ಮೇಲಿನದಕ್ಕೆ ಹೋದರೆ ಗಾಡಿಯ ಬೆಲೆ ಅಲ್ಲದೆ ತೆರಿಗೆಯಲ್ಲೇ ಅರ್ಧ ಲಕ್ಷ ಜಾಸ್ತಿ. ಕೆಳಗಿನದೇ ಸಾಕು ಅಂದೆವು. ಉಳಿದ ದುಡ್ಡಿನಲ್ಲಿ ವಾರಂಟಿ ಮುಂದುವರಿಸಿದೆವು. ಇನ್ನೊಂದು ಕಡೆ, ಹೆಸರು ಬೇಡ, ಚೀಟಿಯಲ್ಲಿ "ಹ್ಯಾಂಡ್ಲಿಂಗ್" ಅಂತ ಒಂದು ಸಾಲು ಇತ್ತು. ಅದೇನು ಅಂತ ಇವರು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಆ ಸಾಲೇ ಮಾಯವಾಯಿತು.

ಡೆಲಿವರಿ ಡಿಸೆಂಬರ್ ಕೊನೆಗೆ ಕೊಡುತ್ತೇವೆ ಅಂದರು. ಮಾವ, "ಧನುರ್ಮಾಸ. ಆಗಲ್ಲ, ಸಂಕ್ರಾಂತಿ ಕಳೀಲಿ" ಅಂದರು. ಇವರು ಮೆಲ್ಲಗೆ, ಡಿಸೆಂಬರಿನ ಗಾಡಿ ಆದರೆ ಎರಡೇ ವಾರಕ್ಕೆ ಹೋದ ವರ್ಷದ್ದು ಅನ್ನಿಸಿಕೊಳ್ಳುತ್ತೆ, ಮಾರುವಾಗ ನಷ್ಟ, 2026ರದ್ದೇ ಬರಲಿ ಅಂದರು. ಅಪ್ಪ ಮಗ ಹೀಗೆ ಒಂದೇ ಮಾತಿಗೆ ಬಂದದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಇದೇ ಮೊದಲು. ಜನವರಿಗೆ ಅಂತಾಯಿತು. ಬರುವ ದಿನ ಟೈರಿನ ಮೇಲಿನ ನಾಲ್ಕು ಅಂಕಿ ಓದುವ ಕೆಲಸ ದೊಡ್ಡವಳದು. ಮೊದಲೆರಡು ಅಂಕಿ ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಹಳೇ ದಾಸ್ತಾನಾ ಹೊಸದಾ ಅಂತ ಅಲ್ಲೇ ಸುಮಾರಾಗಿ ತಿಳಿಯುತ್ತೆ.

ಬಣ್ಣ ಬಿಳಿ. ಮಕ್ಕಳಿಬ್ಬರಿಗೂ ಬೇಜಾರು, ಟ್ಯಾಕ್ಸಿ ಥರ ಕಾಣುತ್ತಂತೆ. ಅದರ ಜಗಳ ಇನ್ನೂ ಮುಗಿದಿಲ್ಲ.

ಮನೆಗೆ ಬಂದು ಕಾಫಿ ಕುಡಿಯುವಾಗ ಅತ್ತೆ ಕೇಳಿದರು, "ಕಾಯಿ ಚೀಲ ಎಲ್ಲೇ?" ಶೋರೂಮಿನಲ್ಲೇ ಬಿಟ್ಟು ಬಂದಿದ್ದೇವೆ, ಆ ಡೆಮೋ ಗಾಡಿಯ ಡಿಕ್ಕಿಯಲ್ಲಿ. ನಾಳೆ ಬ್ಯಾಂಕಿಗೆ ಹೋಗುವಾಗ ಇವರು ತರಬೇಕು. ಆ ಹುಡುಗನಿಗೆ ನಾಲ್ಕು ಕಾಯಿ ಕೊಟ್ಟು ಬನ್ನಿ ಅಂದಿದ್ದೇನೆ.